ಮನೆಯಲ್ಲೊಬ್ಬರಿಗೆ ಸೀಲಿಯಾಕ್: ಎಲ್ಲರೂ ಗೋಧಿ ಬಿಡಬೇಕೇ, ಅಡುಗೆ ಎರಡಾಗಬೇಕೇ?

ಮಗಳಿಗೆ ಆಗ ಏಳು ವರ್ಷ. ರಕ್ತಪರೀಕ್ಷೆಯೂ ಸಣ್ಣ ಕರುಳಿನ ಬಯಾಪ್ಸಿಯೂ ಸೀಲಿಯಾಕ್ ಕಾಯಿಲೆಯೆಂದು ಖಚಿತಪಡಿಸಿದ ದಿನ ವೈದ್ಯರು ಕೊಟ್ಟ ಚೀಟಿಯಲ್ಲಿ ಎರಡೇ ಸಾಲುಗಳಿದ್ದವು: ಕಬ್ಬಿಣಾಂಶದ ಸಿರಪ್, ಮತ್ತು ಜೀವನವಿಡೀ ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೊಟೀನು) ಇಲ್ಲದ ಆಹಾರ. ಸಿರಪ್ ದಾರಿಯಲ್ಲೇ ಸಿಕ್ಕಿತು. ಎರಡನೆಯ ಸಾಲನ್ನು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಗೋಧಿ ಹಿಟ್ಟಿನ ದೊಡ್ಡ ಡಬ್ಬ, ಮೈದಾ, ರವೆ, ಬ್ರೆಡ್, ಬಿಸ್ಕತ್ತು, ಪಾಸ್ತಾ, ಸೋಯಾ ಸಾಸ್. ಮನೆಯಲ್ಲಿ ನಾವು ಐವರು: ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮ ಅತ್ತೆ. ಒಬ್ಬಳಿಗಾಗಿ ಐವರೂ ಬಿಡಬೇಕೇ? ಅವಳಿಗೊಬ್ಬಳಿಗೆ ಬೇರೆ ಬೇಯಿಸಬೇಕೇ? ಎರಡರ ನಡುವೆ ಇನ್ನೊಂದು ದಾರಿ ಇದೆಯೇ?

ನಾಲ್ಕು ವರ್ಷಗಳಲ್ಲಿ ಈ ಮೂರನ್ನೂ ಮಾಡಿ ನೋಡಿದ್ದೇವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ನಿದ್ದೆ ತೀರಿಸಿಕೊಂಡು ಎದ್ದ ಭಾನುವಾರದಂದು ಯಾವ ವ್ಯವಸ್ಥೆಯಾದರೂ ಸುಸೂತ್ರವಾಗಿ ನಡೆಯುತ್ತದೆ. ಒಬ್ಬರಿಗೆ ಜ್ವರ, ಇನ್ನೊಬ್ಬರು ಕೆಲಸದಿಂದ ತಡವಾಗಿ ಬಂದಿದ್ದಾರೆ, ಮಕ್ಕಳು ಹಸಿವು ಎಂದು ಅಡುಗೆಮನೆ ಸುತ್ತುತ್ತಿದ್ದಾರೆ. ಅಂಥ ರಾತ್ರಿಯಲ್ಲೂ ತಪ್ಪದೆ ನಡೆಯುವ ವ್ಯವಸ್ಥೆ ಯಾವುದೋ ಅದನ್ನು ಆರಿಸಿಕೊಳ್ಳಿ.

ಹಿಟ್ಟಿನ ಡಬ್ಬ ಹೊರಗಿಡುವ ಮೊದಲು

ಇದೊಂದು ಹೆಜ್ಜೆಯನ್ನು ದಯವಿಟ್ಟು ತಪ್ಪಿಸಬೇಡಿ. ಸೀಲಿಯಾಕ್ ವಂಶವಾಹಿಗಳ ಜೊತೆ ಬರುವ ಕಾಯಿಲೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದ್ದರೆ, ರೋಗಿಯ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಸುಮಾರು ಹತ್ತಕ್ಕೆ ಒಬ್ಬರವರೆಗೆ ಇರಬಹುದು. ಹೊಟ್ಟೆನೋವು, ಭೇದಿ ಏನೂ ಇಲ್ಲದೆ ರಕ್ತಹೀನತೆ, ಸವೆದ ಮೂಳೆ, ಬೆಳೆಯದ ಎತ್ತರ, ಬಿಡದ ಆಯಾಸ ಇಷ್ಟೇ ಆಗಿ ಕಾಣಿಸಿಕೊಳ್ಳುವುದೂ ಉಂಟು. ಕೆಲವರಿಗೆ ಮೊಣಕೈ, ಮೊಣಕಾಲುಗಳ ಮೇಲೆ ತುರಿಸುವ ಗುಳ್ಳೆಗಳೇ ಮೊದಲ ಸುಳಿವು.

ರಕ್ತದಲ್ಲಿ ಟಿಟಿಜಿ ಐಜಿಎ ಎಂಬ ಪ್ರತಿಕಾಯವನ್ನು ಅಳೆಯುವುದೇ ಮೊದಲ ಪರೀಕ್ಷೆ. ಜೊತೆಗೆ ಒಟ್ಟು ಐಜಿಎ, ಅಂದರೆ ಆ ಬಗೆಯ ಎಲ್ಲ ಪ್ರತಿಕಾಯಗಳ ಮೊತ್ತವನ್ನೂ ನೋಡಬೇಕು. ಅದೇ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಮೊದಲ ಪರೀಕ್ಷೆ ಇಲ್ಲವೆಂದು ಬಂದುಬಿಡಬಹುದು. ಈ ಪರೀಕ್ಷೆಗಳು ನಿಜ ಹೇಳುವುದು ಗ್ಲುಟೆನ್ ತಿನ್ನುತ್ತಿರುವವರಲ್ಲಿ ಮಾತ್ರ. ಮನೆಯವರೆಲ್ಲ ಪ್ರೀತಿಯಿಂದ ಒಟ್ಟಿಗೆ ಗೋಧಿ ಬಿಟ್ಟು, ಆರು ತಿಂಗಳ ನಂತರ ಪರೀಕ್ಷೆಗೆ ಹೋದರೆ ಪ್ರತಿಕಾಯ ಇಳಿದುಹೋಗಿರಬಹುದು, ಕಾಯಿಲೆ ಇದ್ದವರಿಗೂ ಇಲ್ಲವೆಂದು ವರದಿ ಬರಬಹುದು. ಆಗ ಮತ್ತೆ ವಾರಗಟ್ಟಲೆ ಗೋಧಿ ತಿಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದನ್ನು ಯಾರೂ ಬಯಸುವುದಿಲ್ಲ. ಹಾಗಾಗಿ ಮೊದಲು ಎಲ್ಲರ ರಕ್ತ, ಆಮೇಲೆ ಅಡುಗೆಮನೆ.

ಒಂದು ಬಾರಿ ಇಲ್ಲವೆಂದು ಬಂದ ಮಾತ್ರಕ್ಕೆ ಮಕ್ಕಳ ವಿಷಯ ಮುಗಿಯುವುದಿಲ್ಲ. ಮುಂದೆ ಯಾವಾಗ ಬೇಕಾದರೂ ಕಾಯಿಲೆ ಶುರುವಾಗಬಹುದು. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಮತ್ತೆ ಮತ್ತೆ ರಕ್ತ ಕೊಡುವ ಕಷ್ಟ ಆ ಮಗುವಿಗೆ ತಪ್ಪುತ್ತದೆ. ಇದೆ ಎಂದು ಬಂದರೆ ಗಾಬರಿ ಬೇಡ. ಹಲವು ದೇಶಗಳಲ್ಲಿ ನೂರಕ್ಕೆ 30ರಿಂದ 40 ಜನರಲ್ಲಿ ಅವು ಇರುತ್ತವೆ, ಕಾಯಿಲೆ ಬರುವುದು ಅವರಲ್ಲಿ ಕೆಲವರಿಗೆ ಮಾತ್ರ.

ಎಷ್ಟು ಎಂದರೆ ಹೆಚ್ಚು?

ಮೂರು ದಾರಿಗಳನ್ನು ತೂಗಿ ನೋಡಲು ಒಂದು ಅಳತೆಗೋಲು ಬೇಕಲ್ಲವೇ. ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೊಟೀನುಗಳ ಗುಂಪು. ಸೀಲಿಯಾಕ್ ಇರುವವರು ಅದನ್ನು ತಿಂದಾಗ ಅವರ ದೇಹದ ರೋಗನಿರೋಧಕ ವ್ಯವಸ್ಥೆ ಸ್ವಂತ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಆಹಾರದ ಸತ್ವ ಹೀರಿಕೊಳ್ಳುವ ಪುಟ್ಟ ಬೆರಳಿನಂಥ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ.

ಇಟಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಸೇವಿಸಿದ ರೋಗಿಗಳ ಕರುಳಿಗೆ ಹಾನಿಯಾದದ್ದು ಕಂಡಿತು. ಗೋಧಿ ಬ್ರೆಡ್ಡಿನ ಒಂದು ಹೋಳಿನಲ್ಲಿ 2 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಗ್ಲುಟೆನ್ ಇರುತ್ತದೆ. ಅಂದರೆ ಒಂದು ಹೋಳನ್ನು ನಲವತ್ತು ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ದಿನವೂ ತಿಂದರೆ ಸಾಕು. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆಯಾದರೆ ಬಹುತೇಕ ರೋಗಿಗಳ ಕರುಳು ತಾಳಿಕೊಳ್ಳುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ.

ಪ್ಯಾಕೆಟ್ಟಿನ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಲು ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ, ಅಂದರೆ 20 ಪಿಪಿಎಂ. ಆ ಮಿತಿಯ ಅಂಚಿನಲ್ಲಿರುವ ಪದಾರ್ಥವನ್ನು ಅರ್ಧ ಕಿಲೋ ತಿಂದಾಗ ಮಾತ್ರ 10 ಮಿಲಿಗ್ರಾಂ ಆಗುತ್ತದೆ. ಬಹಳ ದೇಶಗಳ ಕಾನೂನೂ ಇದೇ ಮಿತಿಯನ್ನು ಅನುಸರಿಸುತ್ತದೆ. ಹಾಗಾಗಿ ಸರಿಯಾಗಿ ಪರೀಕ್ಷೆಯಾದ ಪ್ಯಾಕೆಟ್ಟಿನ ಬಗ್ಗೆ ನನಗೆ ಭಯ ಕಡಿಮೆ. ಭಯವಿರುವುದು ನಮ್ಮದೇ ಕಟ್ಟೆಯ ಮೇಲೆ ಬಿದ್ದ ಚೂರುಗಳ ಬಗ್ಗೆ. ಬೇಯಿಸಿದರೆ, ಕರಿದರೆ, ಕುದಿಸಿದರೆ ಗ್ಲುಟೆನ್ ನಾಶವಾಗುವುದಿಲ್ಲ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಅದನ್ನು ತೆಗೆಯುವುದಿಲ್ಲ. ಸೋಪು, ನೀರು, ತಿಕ್ಕಾಟ ಇವೇ ತೆಗೆಯುತ್ತವೆ.

ದಾರಿ ಒಂದು: ಒಂದೇ ಅಡುಗೆಮನೆಯಲ್ಲಿ ಎರಡು ಅಡುಗೆ

ನಾವು ಶುರುಮಾಡಿದ್ದು ಇಲ್ಲಿಂದ, ಹೆಚ್ಚಿನ ಮನೆಗಳೂ ಇಲ್ಲಿಂದಲೇ ಶುರುಮಾಡುತ್ತವೆ. ಕಾರಣ ಸ್ಪಷ್ಟ: ಉಳಿದವರ ಊಟ ಬದಲಾಗುವುದಿಲ್ಲ, ಖರ್ಚು ಒಬ್ಬರ ಮಟ್ಟಿಗೆ ನಿಲ್ಲುತ್ತದೆ, ವಯಸ್ಸಾದವರಿಗೆ ಹೊಸ ಅಭ್ಯಾಸದ ಕಷ್ಟ ಇಲ್ಲ.

ಮಗಳಿಗೆಂದು ಬೇರೆ ಬಾಣಲೆ, ಬೇರೆ ಸೌಟು, ಬೇರೆ ಜರಡಿ, ಬೇರೆ ಮರದ ಮಣೆ ತಂದೆವು. ಜರಡಿ ಮತ್ತು ಮರದ ಸಾಮಾನು ಮುಖ್ಯ, ಏಕೆಂದರೆ ಅವುಗಳ ಸಂದಿಯಲ್ಲಿ ಕೂತ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಗೀರುಬಿದ್ದ ನಾನ್‌ಸ್ಟಿಕ್ ಪಾತ್ರೆಯೂ ಹಾಗೆಯೇ. ಸ್ಟೀಲು, ಗಾಜು ಚೆನ್ನಾಗಿ ತೊಳೆದರೆ ಹಂಚಿಕೊಳ್ಳಬಹುದು. ಅವಳ ಡಬ್ಬಗಳನ್ನು ಮೇಲಿನ ಹಲಗೆಯಲ್ಲಿಟ್ಟೆವು, ಮೇಲಿನಿಂದ ಹಿಟ್ಟು ಕೆಳಗೆ ಉದುರಬಾರದೆಂದು. ಬೆಣ್ಣೆ, ಜಾಮ್ ಅವಳಿಗೆ ಬೇರೆ.

ಜಾಮಿನ ಬಾಟಲಿ ನಮಗೆ ಪಾಠ ಕಲಿಸಿತು. ಒಂದು ಬೆಳಿಗ್ಗೆ ನಮ್ಮ ಬಾಟಲಿ ಮುಗಿದಿತ್ತು, ನಿದ್ದೆಗಣ್ಣಿನಲ್ಲಿದ್ದ ನಾನು ಅವಳ ಬಾಟಲಿಯಿಂದ ತೆಗೆದು ತಮ್ಮನ ಬ್ರೆಡ್ಡಿಗೆ ಸವರಿ, ಅದೇ ಚಾಕುವನ್ನು ಇನ್ನೊಮ್ಮೆ ಬಾಟಲಿಯೊಳಗೆ ಅದ್ದಿದೆ. ಕೆಂಪು ಜಾಮಿನ ಮೇಲೆ ಮೂರು ಬ್ರೆಡ್ ಚೂರುಗಳು ಕೂತಿದ್ದವು. ಎಸೆಯಬೇಕಾಯಿತು. ಅಂದು ನಾನು ನೋಡಿದೆ, ಎಸೆದೆ. ನೋಡದ ದಿನಗಳು ಎಷ್ಟಿದ್ದವೋ ಎಂಬ ಯೋಚನೆ ಆಮೇಲೆ ನನ್ನನ್ನು ಬಿಡಲಿಲ್ಲ.

ಇನ್ನೊಂದು ರಾತ್ರಿ ಅತ್ತೆ ಅಡುಗೆ ಮಾಡುತ್ತಿದ್ದರು. ಒಂದು ಒಲೆಯ ಮೇಲೆ ನಮ್ಮೆಲ್ಲರ ಪಾಸ್ತಾ, ಪಕ್ಕದಲ್ಲಿ ಅವಳ ಅನ್ನ ಮತ್ತು ತರಕಾರಿ. ಊಟದ ಹೊತ್ತಿಗೆ ಮಗಳು ಹಸಿವಿಲ್ಲ ಎಂದಳು. ಮಲಗುವ ಮುನ್ನ ನನ್ನ ಪಕ್ಕಕ್ಕೆ ಬಂದು, "ಅಜ್ಜಿ ಅದೇ ಸೌಟಿನಲ್ಲಿ ನನ್ನದನ್ನೂ ತಿರುಗಿಸಿದರು ಅಮ್ಮಾ. ಹೇಳಿದರೆ ಅವರಿಗೆ ಬೇಸರವಾಗುತ್ತದೆ ಅಂತ ಸುಮ್ಮನಿದ್ದೆ" ಎಂದಳು. ಎಂಟು ವರ್ಷದ ಮಗು ಹಸಿದುಕೊಂಡು ಮಲಗಲು ಹೊರಟಿತ್ತು. ಬೆಳಿಗ್ಗೆ ಅತ್ತೆಗೆ ಹೇಳಿದೆ. ಅವರು ಏನೂ ಮಾತನಾಡಲಿಲ್ಲ; ಪೆಟ್ಟಿಗೆಯಿಂದ ಕೆಂಪು ದಾರ ತಂದು ಅವಳ ಸೌಟಿನ ಹಿಡಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಆ ದಾರ ಇವತ್ತಿಗೂ ಅಲ್ಲೇ ಇದೆ.

ಎರಡು ಅಡುಗೆಯ ಮನೆಯಲ್ಲಿ ಯಾವುದಕ್ಕೆ ಎಷ್ಟು ಹೆದರಬೇಕೆಂದು ತಿಳಿದಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಅಮೆರಿಕದ ಸಂಶೋಧಕರು ಇದನ್ನು ಪ್ರಯೋಗ ಮಾಡಿ ಅಳೆದಿದ್ದಾರೆ. ಗೋಧಿ ಪಾಸ್ತಾ ಬೆಂದ ನೀರಿನಲ್ಲೇ ಗ್ಲುಟೆನ್ ಇಲ್ಲದ ಪಾಸ್ತಾ ಬೇಯಿಸಿದಾಗ ಅದು 20 ಪಿಪಿಎಂ ಮಿತಿಯನ್ನು ದಾಟಿತು. ಎಲ್ಲರೂ ಹೆದರುವ ಟೋಸ್ಟರಿನಲ್ಲಿ, ಗೋಧಿ ಬ್ರೆಡ್ ಸುಟ್ಟ ಮೇಲೆ ಗ್ಲುಟೆನ್ ಇಲ್ಲದ ಬ್ರೆಡ್ ಸುಟ್ಟಾಗ ಮಿತಿ ದಾಟಲಿಲ್ಲ. ಪ್ರಯೋಗ ಚಿಕ್ಕದು, ನಾನಂತೂ ಟೋಸ್ಟರ್ ಬೇರೆ ಇಡುವುದೇ ವಾಸಿ ಎನ್ನುತ್ತೇನೆ. ಆದರೂ ದುಡ್ಡು, ಜಾಗ, ಗಮನ ಮೂರೂ ಕಡಿಮೆ ಇದ್ದಾಗ ಮೊದಲು ನೋಡಬೇಕಾದದ್ದು ಬೇಯಿಸುವ ನೀರು, ಕರಿಯುವ ಎಣ್ಣೆ, ಸೌಟು, ಮತ್ತು ಒಣ ಹಿಟ್ಟು.

ಒಣ ಹಿಟ್ಟಿನ ಬಗ್ಗೆ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ. ಗೋಧಿ ಹಿಟ್ಟನ್ನು ಜರಡಿ ಹಿಡಿದಾಗ, ಕಲಸುವಾಗ ಎದ್ದ ಧೂಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲಿ, ತೆರೆದಿಟ್ಟ ಪಾತ್ರೆ, ತಟ್ಟೆ, ಕಟ್ಟೆ ಎಲ್ಲದರ ಮೇಲೂ ಇಳಿಯುತ್ತದೆ. ಉಸಿರಿನೊಂದಿಗೆ ಒಳಹೋದದ್ದರಲ್ಲಿ ಒಂದಿಷ್ಟು ಗಂಟಲಿನಿಂದ ಹೊಟ್ಟೆಗೂ ಇಳಿಯುತ್ತದೆ. ಎರಡು ಅಡುಗೆ ಮಾಡುವ ಮನೆಯವರು ಪಾತ್ರೆ ಬೇರೆ ಮಾಡಿ ಹಿಟ್ಟನ್ನು ಮರೆಯುವುದೇ ಹೆಚ್ಚು.

ವರ್ಷದ ಕೊನೆಯಲ್ಲಿ ಮಗಳ ಟಿಟಿಜಿ ಇಳಿದಿತ್ತು, ವೈದ್ಯರು ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಪ್ರತಿಕಾಯ ಪೂರ್ತಿ ಇಳಿಯಲು ಕೆಲವರಿಗೆ ವರ್ಷಕ್ಕಿಂತ ಹೆಚ್ಚು ಬೇಕಾಗುತ್ತದೆ ಎಂದು ಅವರು ಸಮಾಧಾನ ಹೇಳಿದರು. ನಾನು ಮಾತ್ರ ಜಾಮಿನ ಬಾಟಲಿಯನ್ನು ನೆನೆದುಕೊಂಡೆ.

ದಾರಿ ಎರಡು: ಇಡೀ ಮನೆಯೇ ಗ್ಲುಟೆನ್ ಬಿಡುವುದು

ಗೋಧಿ ಹಿಟ್ಟು, ಮೈದಾ, ರವೆ, ಬ್ರೆಡ್ ಎಲ್ಲವನ್ನೂ ಮನೆಯಿಂದ ಹೊರಗೆ ಕಳಿಸಿದೆವು. ಡಬ್ಬಗಳನ್ನು ತೊಳೆದೆವು, ಕಪಾಟಿನ ಮೂಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು, ಹಳೆಯ ಜರಡಿ ಎಸೆದೆವು. ಮೊದಲ ವಾರದಲ್ಲೇ ವ್ಯತ್ಯಾಸ ಗೊತ್ತಾಯಿತು, ಮಗಳಿಗಿಂತ ಹೆಚ್ಚಾಗಿ ನನಗೆ. ಒಂದು ವರ್ಷದಿಂದ ಪ್ರತಿ ಊಟದಲ್ಲೂ ಯಾವ ಚಮಚ ಎಲ್ಲಿದೆ ಎಂದು ಎಣಿಸುತ್ತಿದ್ದ ಮನಸ್ಸು ಸುಮ್ಮನಾಯಿತು. ಮಗಳು ಡಬ್ಬ ತೆರೆದು ಕೇಳದೆ ತಿಂದಳು.

ಈ ದಾರಿಯ ಬಲ ಅದೇ: ತಪ್ಪು ಮಾಡಲು ಮನೆಯಲ್ಲಿ ಪದಾರ್ಥವೇ ಇಲ್ಲ. ರೋಗಿ ಚಿಕ್ಕ ಮಗುವಾಗಿದ್ದರೆ, ಅಂಬೆಗಾಲಿಡುವ ತಮ್ಮನೋ ತಂಗಿಯೋ ಬಿಸ್ಕತ್ತು ಕಚ್ಚಿಕೊಂಡು ಮನೆಯೆಲ್ಲ ಓಡಾಡುತ್ತಿದ್ದರೆ, ಮನೆಯಲ್ಲಿ ಇಬ್ಬರಿಗೆ ಸೀಲಿಯಾಕ್ ಇದ್ದರೆ, ಅಡುಗೆಗೆ ಹೊರಗಿನವರು ಬರುತ್ತಿದ್ದರೆ, ಕಣ್ಣು ಮಂಜಾದ ಹಿರಿಯರು ಒಲೆಯ ಮುಂದೆ ನಿಲ್ಲುತ್ತಿದ್ದರೆ ಬೇರೇನೂ ಯೋಚಿಸದೆ ಇದನ್ನೇ ಆರಿಸಿ. ಕಾಯಿಲೆ ಗೊತ್ತಾದ ಮೊದಲ ವರ್ಷ ಯಾವ ಮನೆಗಾದರೂ ಇದೇ ಸರಿ ಎಂದು ಈಗ ನನಗೆ ಅನ್ನಿಸುತ್ತದೆ. ಕರುಳು ಗುಣವಾಗಬೇಕಾದ ಕಾಲವೂ ಅದೇ, ನಾವೆಲ್ಲ ಕಲಿಯುತ್ತ ತಪ್ಪು ಮಾಡುವ ಕಾಲವೂ ಅದೇ.

ಕಷ್ಟಗಳನ್ನೂ ಹೇಳಬೇಕು. ಗೋಧಿಯ ಬದಲು ಅಂಗಡಿಯ ಬದಲಿ ಪದಾರ್ಥಗಳನ್ನೇ ಐವರಿಗೂ ತಂದರೆ ಖರ್ಚು ಏರುತ್ತದೆ, ಏಕೆಂದರೆ ಅವು ಮಾಮೂಲಿ ಪದಾರ್ಥಕ್ಕಿಂತ ದುಬಾರಿ. ಕಾಯಿಲೆ ಇಲ್ಲದವರಿಗೆ ಗ್ಲುಟೆನ್ ಬಿಡುವುದರಿಂದ ಆರೋಗ್ಯದ ಲಾಭವೇನೂ ಇಲ್ಲ, ಇಡೀ ಗೋಧಿಯಿಂದ ಸಿಗುತ್ತಿದ್ದ ನಾರಿನಂಶವನ್ನು ಬೇರೆ ಕಡೆಯಿಂದ ತುಂಬಿಸಿಕೊಳ್ಳಬೇಕು. ಮಕ್ಕಳ ಮನಸ್ಸಿನ ಮಾತೂ ಇದೆ. "ಅಕ್ಕನಿಂದಾಗಿ ನನಗೆ ಬ್ರೆಡ್ ಇಲ್ಲ" ಎಂದು ಮಗ ಒಂದು ದಿನ ಅತ್ತಾಗ ಅಕ್ಕನ ಮುಖ ನೋಡಲಾಗಲಿಲ್ಲ. ಇನ್ನೊಂದು ತೊಡಕು ನಿಧಾನವಾಗಿ ಕಾಣಿಸಿತು: ಮನೆಯಲ್ಲಿ ಎಲ್ಲವೂ ಸುರಕ್ಷಿತವಾದಾಗ ಕೇಳಿ ತಿನ್ನುವ, ಓದಿ ತಿನ್ನುವ ಅಭ್ಯಾಸ ಮಗುವಿಗೆ ಬೆಳೆಯುವುದಿಲ್ಲ. ಹೊರಗಿನ ಜಗತ್ತು ಮನೆಯಂತಿಲ್ಲ.

ಈ ವ್ಯವಸ್ಥೆಯಲ್ಲಿ ಒಂದೂವರೆ ವರ್ಷ ಇದ್ದೆವು. ಅವಳ ಟಿಟಿಜಿ ಸಹಜ ಮಟ್ಟಕ್ಕೆ ಬಂತು, ಎತ್ತರ ಕೂಡಿತು. ಕಾಲ ಕಳೆದದ್ದರ ಪಾಲೂ ಅದರಲ್ಲಿ ಇರಬಹುದು. ಇದೇ ದಾರಿಯಿಂದ ಆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ.

ದಾರಿ ಮೂರು: ಪಾತ್ರೆಯಲ್ಲಿ ಬೇಯುವುದೆಲ್ಲ ಎಲ್ಲರಿಗೂ ಒಂದೇ

ಈಗ ನಾವಿರುವುದು ಇಲ್ಲಿ. ಮನೆಯಲ್ಲಿ ಬೇಯುವ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗೋಧಿ ಹಿಟ್ಟು, ಮೈದಾ, ರವೆ ಒಳಗೆ ಬರುವುದಿಲ್ಲ. ಬೇಯಿಸಬೇಕಾಗಿಲ್ಲದ, ಹಾರದ ಪದಾರ್ಥ, ಅಂದರೆ ಬ್ರೆಡ್, ಬಿಸ್ಕತ್ತು, ಕೇಕ್ ಬರಬಹುದು. ಅವಕ್ಕೆ ಬಾಗಿಲ ಹತ್ತಿರ ಒಂದು ಪೆಟ್ಟಿಗೆ, ತಿನ್ನಲು ಊಟದ ಮೇಜಿನ ಒಂದು ಮೂಲೆ, ಅದಕ್ಕೇ ಮೀಸಲಾದ ಎರಡು ತಟ್ಟೆ. ತಿಂದವರೇ ಒರೆಸಬೇಕು, ಸೋಪು ಹಾಕಿ ಕೈ ತೊಳೆದ ಮೇಲೆಯೇ ಬೇರೆ ಡಬ್ಬ ಮುಟ್ಟಬೇಕು. ಪಾಸ್ತಾ ಬೇಕೆನಿಸಿದರೆ ಎಲ್ಲರಿಗೂ ಅಕ್ಕಿ ಅಥವಾ ಮೆಕ್ಕೆಜೋಳದ ಪಾಸ್ತಾ.

ಮೊದಲ ದಾರಿಗೂ ಇದಕ್ಕೂ ಮೇಲುನೋಟಕ್ಕೆ ಹೆಚ್ಚು ಅಂತರ ಕಾಣದು, ನಡೆಸುವಾಗ ಬಹಳ ಇದೆ. ಅಲ್ಲಿ ಒಲೆಯ ಮೇಲೆ ಎರಡು ಪಾತ್ರೆ, ದಿನಕ್ಕೆ ಮೂರು ಹೊತ್ತು ಎಚ್ಚರ. ಇಲ್ಲಿ ಒಲೆಯ ಹತ್ತಿರ ಎಚ್ಚರವೇ ಬೇಡ, ಮೇಜಿನ ಆ ಮೂಲೆಯಲ್ಲಿ ಮಾತ್ರ ಬೇಕು. ಮಗಳು ಉಳಿದವರ ಪಾತ್ರೆಯಿಂದಲೇ ಬಡಿಸಿಕೊಳ್ಳುತ್ತಾಳೆ. ತನ್ನ ಊಟ ಬೇರೆ ಎಂಬ ಭಾವ ಮಗುವಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಡುವುದನ್ನು ನಾನು ಕಂಡಿದ್ದೇನೆ, ಅದಕ್ಕೇ ಈ ಅಂಶಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ತಮ್ಮನಿಗೂ ಅವನ ಬ್ರೆಡ್ ಸಿಗುತ್ತದೆ. ಅವನು ಗ್ಲುಟೆನ್ ತಿನ್ನುತ್ತಿರುವುದರಿಂದ ಅವನ ರಕ್ತಪರೀಕ್ಷೆಯೂ ನಂಬಲರ್ಹವಾಗಿ ಉಳಿಯುತ್ತದೆ, ಇದನ್ನು ನಾನು ಮೊದಲು ಯೋಚಿಸಿರಲಿಲ್ಲ.

ಆದರೆ ಇದಕ್ಕೆ ವಯಸ್ಸು ಬೇಕು. ಮಾತು ಕೇಳಿ ಕೈ ತೊಳೆಯುವಷ್ಟು ಎಲ್ಲ ಮಕ್ಕಳೂ ದೊಡ್ಡವರಾಗಿರಬೇಕು. ಮೂರು ವರ್ಷದ ಮಗುವಿರುವ ಮನೆಯಲ್ಲಿ ಈ ಪೆಟ್ಟಿಗೆ ನಿಲ್ಲುವುದಿಲ್ಲ. (ಚಿಕ್ಕವರು ಆಡುವ ಬಣ್ಣದ ಕಲಸಿದ ಹಿಟ್ಟಿನಲ್ಲೂ ಗೋಧಿ ಇರುತ್ತದೆ, ಬೆರಳು ಬಾಯಿಗೆ ಹೋಗುವ ವಯಸ್ಸಿನಲ್ಲಿ ಅದನ್ನೂ ನೋಡಿಕೊಳ್ಳಿ.)

ಬದಲಿ ಬ್ರೆಡ್ಡೇ, ಗ್ಲುಟೆನ್ನೇ ಇಲ್ಲದ ಧಾನ್ಯವೇ?

ಯಾವ ದಾರಿ ಹಿಡಿದರೂ ತಟ್ಟೆಗೆ ಏನು ಬರಬೇಕೆಂಬ ಆಯ್ಕೆ ಉಳಿಯುತ್ತದೆ. ಗೋಧಿಯ ಬ್ರೆಡ್, ಕೇಕ್, ಬಿಸ್ಕತ್ತುಗಳನ್ನು ಹೋಲುವ ಗ್ಲುಟೆನ್ ಮುಕ್ತ ಪ್ಯಾಕೆಟ್ಟುಗಳು ಒಂದು ಕಡೆ. ಅಕ್ಕಿ, ಮೆಕ್ಕೆಜೋಳ, ಜೋಳ, ರಾಗಿ, ನವಣೆಯಂಥ ಸಿರಿಧಾನ್ಯಗಳು, ಕಿನ್ವಾ, ಆಲೂಗಡ್ಡೆ, ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸ, ತರಕಾರಿ, ಹಣ್ಣು ಇವೆಲ್ಲ ಇನ್ನೊಂದು ಕಡೆ. ಈ ಎರಡನೆಯ ಗುಂಪು ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದ್ದು.

ನನ್ನ ಒಲವು ಎರಡನೆಯದರ ಕಡೆಗೆ, ಸಂಕೋಚವಿಲ್ಲದೆ ಹೇಳುತ್ತೇನೆ. ಬದಲಿ ಪದಾರ್ಥಗಳಲ್ಲಿ ಗ್ಲುಟೆನ್ ಕೊಡುತ್ತಿದ್ದ ಅಂಟು ಬರಲೆಂದು ಪಿಷ್ಟ, ಕೊಬ್ಬು, ಸಕ್ಕರೆ ಹೆಚ್ಚು ಸೇರಿಸುತ್ತಾರೆ. ನಾರಿನಂಶ ಕಡಿಮೆ. ಮಾಮೂಲಿ ಗೋಧಿ ಹಿಟ್ಟಿಗೆ ಹಲವು ದೇಶಗಳಲ್ಲಿ ಸೇರಿಸುವ ಕಬ್ಬಿಣ, ಫೋಲಿಕ್ ಆಮ್ಲ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಎಷ್ಟೋ ಮಂದಿಗೆ ಕಬ್ಬಿಣ, ಫೋಲೇಟ್, ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂ ಕೊರತೆ ಮೊದಲೇ ಇರುತ್ತದೆ. ಅಂಥವರ ತಟ್ಟೆಗೆ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಬರಬೇಕು. ಅಕ್ಕಿಯೊಂದನ್ನೇ ಮೂರು ಹೊತ್ತು ನೆಚ್ಚಿಕೊಳ್ಳುವುದೂ ಬೇಡ. ಅಕ್ಕಿ ಮಣ್ಣಿನಿಂದ, ನೀರಿನಿಂದ ಆರ್ಸೆನಿಕ್ ಹೀರಿಕೊಳ್ಳುತ್ತದೆ, ನಾರೂ ಕಡಿಮೆ. ಧಾನ್ಯಗಳನ್ನು ಸರದಿಯ ಮೇಲೆ ಬಳಸಿ.

ಹಾಗೆಂದು ಬದಲಿ ಪದಾರ್ಥಗಳನ್ನು ತಳ್ಳಿಹಾಕುವುದೂ ತಪ್ಪು. ಹುಟ್ಟುಹಬ್ಬದ ದಿನ ಎಲ್ಲರ ಕೈಯಲ್ಲೂ ಕೇಕ್ ಇರುವಾಗ ಅವಳ ಕೈಯಲ್ಲೂ ಇರಬೇಕು. ಪ್ರಯಾಣದಲ್ಲಿ ಅವೇ ಕಾಪಾಡುತ್ತವೆ. ಜೊತೆಗೆ, ಹುಟ್ಟಿನಿಂದ ಗ್ಲುಟೆನ್ ಇಲ್ಲದ ಧಾನ್ಯವೂ ಗೋಧಿ ಬೀಸಿದ ಗಿರಣಿಯಲ್ಲೇ ಹಿಟ್ಟಾದರೆ ಸುರಕ್ಷಿತವಲ್ಲ. ಬಿಡಿಯಾಗಿ ಅಳೆದು ಕೊಡುವ ಹಿಟ್ಟಿಗಿಂತ ಮುಚ್ಚಿದ, ಗ್ಲುಟೆನ್ ಮುಕ್ತವೆಂದು ಪರೀಕ್ಷೆಯಾದ ಪ್ಯಾಕೆಟ್ ಮೇಲು. ಇಡೀ ಕಾಳು ತಂದು ಆರಿಸಿ, ತೊಳೆದು, ಒಣಗಿಸಿ ಮನೆಯ ಯಂತ್ರದಲ್ಲಿ ಪುಡಿ ಮಾಡುವುದು ಇನ್ನೊಂದು ಉಪಾಯ. ನಾವು ಎರಡನ್ನೂ ಮಾಡುತ್ತೇವೆ.

ಓಟ್ಸ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವ ಜಾಗ ಅದು. ಓಟ್ಸ್‌ನಲ್ಲಿರುವುದು ಅವೆನಿನ್ ಎಂಬ ಬೇರೆ ಪ್ರೊಟೀನ್, ಬಹುತೇಕ ರೋಗಿಗಳಿಗೆ ಅದು ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ಆದರೆ ಮಾಮೂಲಿ ಓಟ್ಸ್ ಹೊಲದಲ್ಲಿ, ಲಾರಿಯಲ್ಲಿ, ಗಿರಣಿಯಲ್ಲಿ ಗೋಧಿ ಮತ್ತು ಬಾರ್ಲಿಯ ಜೊತೆ ಬೆರೆತಿರುತ್ತದೆ. ಹಾಗಾಗಿ ಗ್ಲುಟೆನ್ ಮುಕ್ತವೆಂದು ಗುರುತು ಇರುವ ಓಟ್ಸ್ ಮಾತ್ರ, ಅದೂ ಟಿಟಿಜಿ ಇಳಿದ ಮೇಲೆ, ವೈದ್ಯರಿಗೆ ತಿಳಿಸಿ, ಸ್ವಲ್ಪ ಸ್ವಲ್ಪವಾಗಿ. ಆಸ್ಟ್ರೇಲಿಯಾದ ನಿಯಮದಂತೆ ಓಟ್ಸ್ ಇರುವ ಪದಾರ್ಥಕ್ಕೆ ಗ್ಲುಟೆನ್ ಮುಕ್ತ ಎಂಬ ಹೆಸರನ್ನೇ ಕೊಡುವಂತಿಲ್ಲ. ಮೊದಲ ವರ್ಷ ನಾವು ಅದರ ಸುದ್ದಿಗೇ ಹೋಗಲಿಲ್ಲ, ಅದರಿಂದ ನಷ್ಟವೇನೂ ಆಗಲಿಲ್ಲ.

ಪ್ಯಾಕೆಟ್ಟಿನ ಮೇಲಿನ ಚೀಟಿ ಓದುವಾಗ ಕೆಲವು ಮಾತು ನೆನಪಿಡಿ. ಗೋಧಿ ಇಲ್ಲ ಎಂದು ಬರೆದದ್ದರಲ್ಲಿ ಬಾರ್ಲಿ ಇರಬಹುದು. ಮಾಲ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯಿಂದ ಬಂದದ್ದು, ಹಾಲಿಗೆ ಬೆರೆಸುವ ಪುಡಿಗಳಲ್ಲಿ, ಚಾಕೊಲೇಟುಗಳಲ್ಲಿ, ಬೆಳಗಿನ ಸೀರಿಯಲ್‌ಗಳಲ್ಲಿ ಅಡಗಿ ಕೂತಿರುತ್ತದೆ. ಮಾಮೂಲಿ ಸೋಯಾ ಸಾಸ್ ತಯಾರಿಕೆಯಲ್ಲಿ ಗೋಧಿ ಬಳಸುತ್ತಾರೆ. ಬಕ್‌ವೀಟ್ ಎಂಬುದರ ಹೆಸರಿನಲ್ಲಿ ವೀಟ್ ಇದ್ದರೂ ಅದು ಗೋಧಿಯ ಜಾತಿಯಲ್ಲ, ತಿನ್ನಬಹುದು. ಸ್ಪೆಲ್ಟ್ ಮಾತ್ರ ಬೇರೆ ಹೆಸರು ಹೊತ್ತ ಗೋಧಿಯೇ.

ಶಾಲೆಯ ಊಟ, ಹೊರಗಿನ ಊಟ

ಶಾಲೆಯ ಊಟವೇ, ಮನೆಯ ಡಬ್ಬಿಯೇ ಎಂಬಲ್ಲಿ ನಾನು ಡಬ್ಬಿಯ ಪಕ್ಷ. ಬಡಿಸುವವರ ಒಳ್ಳೆಯ ಮನಸ್ಸಿನ ಮೇಲೆ ನನಗೆ ಅನುಮಾನವಿಲ್ಲ. ನೂರಾರು ತಟ್ಟೆ ಬಡಿಸುವ ಕೈ ಒಂದು ಸೌಟನ್ನು ನೆನಪಿಡುವುದು ಕಷ್ಟ. ತರಗತಿಯ ಶಿಕ್ಷಕರ ಬಳಿ ಅವಳ ಹೆಸರು ಬರೆದ ಒಂದು ಡಬ್ಬಿಯಲ್ಲಿ ಕೆಡದ ಸಿಹಿ ಇಟ್ಟಿದ್ದೇವೆ. ಯಾರಾದರೂ ದಿಢೀರನೆ ಸಿಹಿ ಹಂಚಿದರೆ ಅವಳಿಗೂ ಒಂದು ಸಿಗುತ್ತದೆ.

ಹೊರಗೆ ತಿನ್ನುವಾಗ ಇದು ಗ್ಲುಟೆನ್ ಮುಕ್ತವೇ ಎಂದು ಕೇಳಿದರೆ ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ. ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಅದರಲ್ಲಿ ಬೇರೇನು ಕರಿದಿದ್ದೀರಿ, ಸಾಸ್ ಗಟ್ಟಿಯಾಗಲು ಯಾವ ಹಿಟ್ಟು ಹಾಕುತ್ತೀರಿ ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ಹೆಚ್ಚು ಹೇಳುತ್ತದೆ. ಗೊತ್ತಿಲ್ಲ, ಒಳಗೆ ಕೇಳಿ ಬರುತ್ತೇನೆ ಎಂದವರನ್ನು ನಾನು ನಂಬುತ್ತೇನೆ.

ನೆಂಟರ ಮನೆಯಲ್ಲಿ ಬರುವ ಮಾತು ಬೇರೆ: "ಒಂದು ಚೂರು ತಿಂದರೆ ಏನಾಗುತ್ತದೆ, ಮಗು ಈಗ ಚೆನ್ನಾಗಿದೆಯಲ್ಲ." ಮಗು ಚೆನ್ನಾಗಿರುವುದು ಆ ಒಂದು ಚೂರನ್ನು ತಿನ್ನದೆ ಇರುವುದರಿಂದ. ಗೋಧಿ ಮತ್ತು ರೈ ಈ ಕಾಯಿಲೆಗೆ ಕಾರಣವೆಂದು ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು, 1920ರ ದಶಕದಲ್ಲಿ, ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡಿದ್ದರು. ಬಾಳೆಹಣ್ಣೇ ವಾಸಿ ಮಾಡಿತೆಂದು ಆಗ ಜನ ನಂಬಿದ್ದರು, ನಿಜಕ್ಕೂ ಕೆಲಸ ಮಾಡಿದ್ದು ಆ ಪಥ್ಯದಲ್ಲಿ ಬ್ರೆಡ್ ಇಲ್ಲದ್ದು. ನೆಂಟರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ. ವಾದಕ್ಕಿಂತ ಚೆನ್ನಾಗಿ ಒಳಗಿಳಿಯುತ್ತದೆ.

ನಿಮ್ಮ ಮನೆಗೆ ಯಾವುದು?

ಚಿಕ್ಕ ಮಗು ರೋಗಿಯಾಗಿದ್ದರೆ, ಅಥವಾ ರೋಗಿಗಳು ಇಬ್ಬರಿದ್ದರೆ, ಇಡೀ ಮನೆ ಬಿಡಲಿ. ದೊಡ್ಡವರೊಬ್ಬರಿಗೆ ಸೀಲಿಯಾಕ್ ಇದ್ದು, ಅಡುಗೆ ಮಾಡುವವರೂ ಅವರೇ ಆಗಿದ್ದರೆ, ಅವರು ಗೋಧಿ ಹಿಟ್ಟನ್ನು ಕಲಸುವಂತೆಯೇ ಆಗಬಾರದು. ಮೂರನೆಯ ದಾರಿ ಅವರಿಗೆ ಹೊಂದುತ್ತದೆ. ಮಕ್ಕಳು ಹತ್ತು ದಾಟಿದ್ದರೆ, ಎಲ್ಲರೂ ಮಾತು ಪಾಲಿಸುವವರಾಗಿದ್ದರೆ ಮೂರನೆಯದೇ ಸರಿ. ಮೊದಲ ದಾರಿ ಬೇಕೇಬೇಕೆಂದರೆ, ಅಡುಗೆಮನೆ ದೊಡ್ಡದಿರಬೇಕು, ಒಬ್ಬರೇ ಅದರ ಜವಾಬ್ದಾರಿ ಹೊರಬೇಕು, ಮೊದಲು ರೋಗಿಯ ಅಡುಗೆ ಮುಗಿಸಿ ಮುಚ್ಚಿಟ್ಟು ಆಮೇಲೆ ಗೋಧಿಯ ಕೆಲಸ ಶುರುವಾಗಬೇಕು. ಹಂಚಿಕೊಂಡು ಬಾಳುವ ಮನೆಯಲ್ಲೋ ಹಾಸ್ಟೆಲಿನಲ್ಲೋ ಇರುವವರಿಗೆ ಬೇರೆ ಆಯ್ಕೆಯೇ ಇಲ್ಲದಿರಬಹುದು. ಅಂಥವರು ಒಂದು ಪಾತ್ರೆ, ಒಂದು ಬಾಣಲೆ, ಒಂದು ಚಾಕು, ಮುಚ್ಚಳವಿರುವ ಒಂದು ಪೆಟ್ಟಿಗೆ ಇಷ್ಟನ್ನು ತಮ್ಮದಾಗಿ ಇಟ್ಟುಕೊಂಡರೂ ಬಹಳವಾಯಿತು.

ಆರಿಸಿದ್ದು ಸರಿಯೇ ಎಂದು ಹೊಟ್ಟೆ ಹೇಳುವುದಿಲ್ಲ. ಗ್ಲುಟೆನ್ ಒಳಹೋದರೂ ಎಷ್ಟೋ ಮಂದಿಗೆ ಏನೂ ಅನ್ನಿಸುವುದಿಲ್ಲ, ಒಳಗೆ ಕರುಳು ಸವೆಯುತ್ತಲೇ ಇರುತ್ತದೆ. ಅದಕ್ಕಾಗಿ ವೈದ್ಯರು ಹೇಳಿದ ಹೊತ್ತಿಗೆ ರಕ್ತಪರೀಕ್ಷೆಗೆ ಹೋಗಿ. ಅದು ಕೂಡ ಪೂರ್ತಿ ಸಾಕ್ಷಿಯಲ್ಲ, ಆದರೆ ಮನೆಯ ವ್ಯವಸ್ಥೆ ಸಡಿಲವಾಗಿದ್ದರೆ ಆ ಸಂಖ್ಯೆಯಲ್ಲಿ ಸುಳಿವು ಸಿಗಬಹುದು.

ಮಗಳಿಗೆ ಈಗ ಹನ್ನೊಂದು. ಕಳೆದ ವಾರ ನಾನು ತಂದ ಹೊಸ ಸೂಪಿನ ಪ್ಯಾಕೆಟ್ಟನ್ನು ತಿರುಗಿಸಿ, ಸಣ್ಣಕ್ಷರಗಳ ಮೇಲೆ ಬೆರಳಿಟ್ಟು ಓದಿ, "ಇದರಲ್ಲಿ ಬಾರ್ಲಿ ಇದೆ ಅಮ್ಮಾ" ಎಂದು ತಂದು ಬಾಗಿಲ ಹತ್ತಿರದ ತಮ್ಮನ ಪೆಟ್ಟಿಗೆಗೆ ಹಾಕಿದಳು. ಅದು ಬೇಯಿಸುವ ಪದಾರ್ಥವಾದ್ದರಿಂದ ನಮ್ಮ ನಿಯಮದ ಪ್ರಕಾರ ಅಲ್ಲೂ ಇರುವಂತಿಲ್ಲ. ಮರುದಿನ ಅಂಗಡಿಗೆ ಹಿಂತಿರುಗಿಸಿ ಬಂದೆವು. ತಮ್ಮನ ಮುಂದಿನ ರಕ್ತಪರೀಕ್ಷೆ ಬರುವ ತಿಂಗಳು. ಅಲ್ಲಿಯವರೆಗೆ ಅವನಿಗೆ ದಿನವೂ ಬ್ರೆಡ್ ಕೊಡುತ್ತಿದ್ದೇವೆ, ಮೇಜಿನ ಅವನ ಮೂಲೆಯಲ್ಲಿ.